ಕಡಲಿಗೆ ಬೆನ್ನು ಹಾಕಿ ನಿಲ್ಲಿ: ಮನೆಯವರ ಫೋಟೊ ತೆಗೆಯೋದಕ್ಕೆ ಕೆಲವು ಟಿಪ್ಸ್

ಸಂಜೆ ಮಲ್ಪೆ ಬೀಚಿಗೋ ಪಣಂಬೂರು ಬೀಚಿಗೋ ಹೋದ್ರೆ ಎಲ್ಲರೂ ಒಂದೇ ಥರ ಫೋಟೊ ತೆಗೀತಾ ಇರ್ತಾರೆ. ಮನೆಯವರೆಲ್ಲ ನೀರಿನ ಹತ್ತಿರ ಸಾಲಾಗಿ ನಿಂತಿರುತ್ತಾರೆ, ಹಿಂದೆ ಸೂರ್ಯ ಮುಳುಗುತ್ತಾ ಇರುತ್ತಾನೆ. ಫೋಟೊ ನೋಡಿದ್ರೆ ಆಕಾಶ ಚೆಂದ, ಮುಖಗಳೆಲ್ಲ ಕಪ್ಪು. ಆಮೇಲೆ ಹೊಸ ಕ್ಯಾಮೆರಾ ತಗೊಳ್ಬೇಕು ಅನ್ನೋ ಮಾತು ಶುರು. ಬೇಡ ಮಾರಾಯ್ರೇ. ನಮ್ಮ ಕರಾವಳಿಯಲ್ಲಿ ಕಡಲು ಇರೋದು ಪಶ್ಚಿಮಕ್ಕೆ, ಸಂಜೆ ಬೆಳಕು ಬರೋದು ನೀರಿನ ಕಡೆಯಿಂದ, ಅಷ್ಟೇ ವಿಷಯ.

ಜಾಗ ಅದಲುಬದಲು ಮಾಡಿ. ನೀವು ನೀರಿನ ಕಡೆ ನಿಲ್ಲಿ, ಮನೆಯವರನ್ನು ಮೇಲೆ ದಡದ ಕಡೆ ನಿಲ್ಲಿಸಿ. ಸೂರ್ಯ ಮುಳುಗುವ ಮುಂಚಿನ ಅರ್ಧ ಗಂಟೆ ಬಿಸಿಲು ನೇರ ಮುಖಕ್ಕೆ ಬೀಳುತ್ತದೆ, ಆದರೂ ಕಣ್ಣು ಮುಚ್ಚುವಷ್ಟು ಚುರುಕು ಇರೋದಿಲ್ಲ. ಹಿಂದೆ ತೆಂಗಿನ ಮರ, ಎಳೆದಿಟ್ಟ ದೋಣಿ, ಚುರುಮುರಿ ಗಾಡಿ ಎಲ್ಲ ಬರುತ್ತದೆ, ನನಗಂತೂ ಬರೀ ನೀರಿಗಿಂತ ಅದೇ ಇಷ್ಟ. ಆದರೆ ತೆರೆ ನಿಮ್ಮ ಬೆನ್ನ ಹಿಂದೆ ಇರುತ್ತದೆ ಅನ್ನೋದು ನೆನಪಿರಲಿ. ಒಣ ಮರಳಲ್ಲೇ ನಿಲ್ಲಿ. ಮಳೆಗಾಲದಲ್ಲಿ ಈ ಸಾಹಸವೇ ಬೇಡ.

ಕಡಲೇ ಹಿಂದೆ ಬೇಕು ಅಂದ್ರೆ ಬೆಳಿಗ್ಗೆ ಹೋಗಿ, ಆಗ ಬೆಳಕು ಊರಿನ ಕಡೆಯಿಂದ ಬರುತ್ತದೆ. ಇಲ್ಲ, ಮುಳುಗುವ ಸೂರ್ಯನೇ ಬೇಕು ಅಂದ್ರೆ ಮುಖದ ಆಸೆ ಬಿಟ್ಟುಬಿಡಿ. ಎಲ್ಲರೂ ಒಬ್ಬರಿಗೊಬ್ಬರು ಅಂಟಿಕೊಳ್ಳದೆ ಸ್ವಲ್ಪ ದೂರ ದೂರ ನಿಲ್ಲಲಿ, ಮೊಬೈಲ್ ಆದರೆ ಆಕಾಶದ ಮೇಲೆ ಬೆರಳಿಟ್ಟು ಬೆಳಕು ತಗ್ಗಿಸಿ. ನೆರಳಿನಲ್ಲೇ ಇದು ಅಜ್ಜ, ಇದು ಅತ್ತೆ ಅಂತ ಗೊತ್ತಾದ್ರೆ ಫೋಟೊ ಗೆದ್ದ ಹಾಗೆ.

ಮಕ್ಕಳು ನಿಲ್ಲೋದಿಲ್ಲ, ನಿಲ್ಲಿಸಲೂ ಬೇಡಿ. ಶಟರ್ ಸ್ಪೀಡ್ (ಕ್ಯಾಮೆರಾ ಬೆಳಕಿಗೆ ತೆರೆದಿರುವ ಹೊತ್ತು) 1/500 ಸೆಕೆಂಡ್ ಇಡಿ, ನೀರು ಎರಚಾಡ್ತಾ ಇದ್ರೆ 1/1000. ಫೋಕಸನ್ನು, ಓಡಾಡುವವರ ಹಿಂದೆಯೇ ಹೋಗುವ ಕಂಟಿನ್ಯೂಯಸ್‌ಗೆ ಹಾಕಿ, ಮಂಡಿಯೂರಿ ಕೂತು ಅವರ ಕಣ್ಣಿನ ಎತ್ತರದಿಂದ ತೆಗೆಯಿರಿ. ಬಿಸಿಲು ಬಿದ್ದ ಮರಳು ಕ್ಯಾಮೆರಾವನ್ನು ಮೋಸ ಮಾಡುತ್ತದೆ, ಫೋಟೊ ಕಪ್ಪಾಗಿ ಬಂದರೆ ಬೆಳಕಿನ ಮಟ್ಟ ಅಂದ್ರೆ ಎಕ್ಸ್‌ಪೋಷರ್ ಪ್ಲಸ್ 0.7ಕ್ಕೆ ಏರಿಸಿ. ಬೀಚಿನಲ್ಲಿ ಲೆನ್ಸ್ ಬದಲಾಯಿಸಬೇಡಿ.

ಮಲ್ಪೆ ಹತ್ತಿರದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗೋದು ಹೆಚ್ಚಾಗಿ ನಡುಹಗಲಿನಲ್ಲೇ. ಅಲ್ಲಿನ ಕಂಬದಂತಹ ಕಲ್ಲುಗಳ ಫೋಟೊ ಬಿಸಿಲಲ್ಲೇ ತೆಗೆಯಿರಿ, ಮನೆಯವರದ್ದು ತೆಂಗಿನ ನೆರಳಲ್ಲಿ.

ಈ ಬೆನ್ನು ಹಾಕುವ ಉಪಾಯ ಊರಿನ ಹಬ್ಬದಲ್ಲೂ ನಡೆಯುತ್ತದೆ. ಕೃಷ್ಣಾಷ್ಟಮಿಯ ಮರುದಿನದ ವಿಟ್ಲಪಿಂಡಿ ಹಬ್ಬಕ್ಕೆ ಉಡುಪಿಯ ರಥಬೀದಿಯಲ್ಲಿ ಹುಲಿವೇಷದ ಫೋಟೊ ತೆಗೆಯೋಕೆ ನೂರಾರು ಜನ ಇರ್ತಾರೆ, ಆದರೆ ಅಪ್ಪನ ಹೆಗಲ ಮೇಲೆ ಕೂತು ತಾಸೆ ವಾದ್ಯದ ಪೆಟ್ಟಿಗೆ ಬೆಚ್ಚಿ ಅಪ್ಪನ ಕೂದಲು ಹಿಡಿದುಕೊಂಡ ನಿಮ್ಮ ಮಗುವಿನ ಫೋಟೊ ಬೇರೆ ಯಾರೂ ತೆಗೆಯೋದಿಲ್ಲ ಅಲ್ವಾ? ಹುಲಿ ಕಡೆಯಿಂದ ತಿರುಗಿ ಅದನ್ನು ತೆಗೆಯಿರಿ. ರಾತ್ರಿ ಯಕ್ಷಗಾನದಲ್ಲೂ ಅಷ್ಟೇ. ಮುಂದಿನ ಸಾಲಿನಲ್ಲಿ ಕೂತವರ ಮುಖಕ್ಕೆ ರಂಗಸ್ಥಳದ ಬೆಳಕೇ ಸಾಕು, ಫ್ಲ್ಯಾಶ್ ಖಂಡಿತ ಬೇಡ. ಎಲ್‌ಇಡಿ ಬೆಳಕಿಗೆ ಫೋಟೊದಲ್ಲಿ ಪಟ್ಟೆ ಬಂದರೆ ಶಟರ್ 1/100 ಮಾಡಿ ನೋಡಿ. ಭೂತಕೋಲದಲ್ಲಿ ಮನೆಯ ಹಿರಿಯರನ್ನು ಕೇಳದೆ ಕ್ಯಾಮೆರಾ ಎತ್ತಬೇಡಿ.

ನನ್ನ ಪ್ರಕಾರ ಒಳ್ಳೆ ಬೆಳಕು ಇರೋದು ಹಂಚಿನ ಮನೆಯಲ್ಲಿ. ಅಡುಗೆಮನೆಯ ಮಾಡಿನಲ್ಲಿ ಒಂದು ಗಾಜಿನ ಹಂಚು ಇರುತ್ತದಲ್ಲ, ಅದರಿಂದ ಬೀಳುವ ಬೆಳಕಿಗೆ ಯಾವ ಸ್ಟುಡಿಯೋ ಲೈಟೂ ಬೇಡ. ಮೊದಲು ಟ್ಯೂಬ್‌ಲೈಟ್ ಆರಿಸಿ. ಅಜ್ಜಿ ನೀರುದೋಸೆ ಕಾವಲಿಯ ಮುಚ್ಚಳ ತೆಗೆಯುವಾಗ ಹಬೆ ಏಳುತ್ತದೆ. ಅದು ಕಾಣಬೇಕಾದ್ರೆ ಬೆಳಕು ಅಜ್ಜಿಯ ಬದಿಯಿಂದಲೋ ಸ್ವಲ್ಪ ಹಿಂದಿನಿಂದಲೋ ಬರಬೇಕು, ಹಬೆಯ ಹಿಂದೆ ಮಸಿ ಹಿಡಿದ ಗೋಡೆ ಇರಬೇಕು. ನೀವು ಎರಡು ಹೆಜ್ಜೆ ಆಚೀಚೆ ಸರಿದರೆ ಸಾಕು, ಇದ್ದಕ್ಕಿದ್ದಂತೆ ಹಬೆ ಬೆಳ್ಳಗೆ ಎದ್ದು ಕಾಣುತ್ತದೆ. 50 ಎಂಎಂ ಎಫ್ 1.8 ಲೆನ್ಸ್ ಇದ್ರೆ ಎಫ್ 2 (ಎಫ್ ಅಂದ್ರೆ ಲೆನ್ಸಿನ ಕಿಂಡಿಯ ಅಳತೆ, ನಂಬರ್ ಸಣ್ಣದಾದಷ್ಟು ಬೆಳಕು ಜಾಸ್ತಿ), ಶಟರ್ 1/125, ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಚುರುಕು ಅನ್ನೋದು) 1600ರಿಂದ ಶುರು ಮಾಡಿ, ಗೋಡೆ ಕಪ್ಪಾಗಿಯೇ ಬರಲಿ. ಮತ್ತೆ, "ಅಜ್ಜಿ, ಇಲ್ಲಿ ನೋಡಿ" ಅನ್ನಬೇಡಿ. ಅಂದ ಕೂಡಲೇ ಅವರು ಸೆರಗು ಸರಿ ಮಾಡಿಕೊಂಡು ಆಧಾರ್ ಕಾರ್ಡಿನ ಮುಖ ಮಾಡುತ್ತಾರೆ. ಸುಮ್ನೆ ಒಂದು ಮಣೆ ಹಾಕಿಕೊಂಡು ಕೂತು ದೋಸೆ ತಿನ್ನಿ, ಕ್ಯಾಮೆರಾ ಮಡಿಲಲ್ಲಿರಲಿ.

ನಮ್ಮ ಕರಾವಳಿಯ ಮಳೆಗಾಲದಲ್ಲಿ ಲೆನ್ಸ್ ಒಳಗೆ ಫಂಗಸ್ ಹಿಡಿಯೋದು ಹೊಸದೇನಲ್ಲ. ಬಟ್ಟೆ ಕಪಾಟಿನಲ್ಲಿ ಇಡಬೇಡಿ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಗೆ ತೇವ ಹೀರುವ ಸಿಲಿಕಾ ಜೆಲ್ ಹಾಕಿ ಇಡಿ, ಬಣ್ಣ ಬದಲಾದಾಗ ಅದನ್ನು ಒಣಗಿಸಿ. ಆಗಾಗ ಹೊರಗೆ ತೆಗೆದು ಬಳಸಿ, ಅದಕ್ಕಿಂತ ಒಳ್ಳೆ ಔಷಧಿ ಇಲ್ಲ.

ಇನ್ನು, ಮನೆಯ ಫೋಟೊಗ್ರಾಫರ್ ಯಾವ ಫೋಟೊದಲ್ಲೂ ಇರೋದಿಲ್ಲ, ಇದು ಎಲ್ಲ ಮನೆಯ ಕಥೆ. ಹೊರಗೆ ಬೆಳಕು ಇದ್ದಾಗ ಎಫ್ 8, 1/250, ಆಟೋ ಐಎಸ್‌ಒ ಹಾಕಿ ಕ್ಯಾಮೆರಾವನ್ನು ಬಾವನ ಕೈಗೆ ಕೊಡಿ. ಎಲ್ಲಿ ನಿಂತು ತೆಗೀಬೇಕು ಅಂತ ಮಾತ್ರ ತೋರಿಸಿ, ಬಾಕಿ ಏನೂ ಹೇಳಲು ಹೋಗಬೇಡಿ.