ಎರಡು ಗೆರೆ ಕೂಡುವಲ್ಲಿ ಟೆಂಟ್: ಶರಾವತಿ ಹಿನ್ನೀರಿನ ದಂಡೆಯಲ್ಲಿ ನನ್ನ ಅನುಭವ

2024ರ ನವೆಂಬರಿನಲ್ಲಿ ಲಿಂಗನಮಕ್ಕಿ ಹಿನ್ನೀರಿನ ಒಂದು ಸಣ್ಣ ಕೊಲ್ಲಿಯ ಮೇಲೆ ನಾವು ನಾಲ್ವರು ಎರಡು ಟೆಂಟ್ ಹಾಕಿ ಮೂರು ರಾತ್ರಿ ಇದ್ದೆವು. ಟೆಂಟಿನ ಬಾಗಿಲಿನಿಂದ ನೀರಿಗೆ ಇಪ್ಪತ್ತು ಹೆಜ್ಜೆಯಿತ್ತು. ಆ ಮೂರು ದಿನಗಳಲ್ಲಿ ಟೆಂಟಿನ ಬಳಿ ನಮ್ಮ ಕಣ್ಣಿಗೆ ಬಿದ್ದ ಹೊರಗಿನ ಮನುಷ್ಯನೆಂದರೆ ಎದುರು ದಂಡೆಯಲ್ಲಿ ಬಲೆ ಎತ್ತಲು ಬಂದ ಒಬ್ಬ ಮೀನುಗಾರ ಮಾತ್ರ. ಉಪಗ್ರಹದ ಚಿತ್ರ ನೋಡಿ ಕಡಿದಾದ ದಂಡೆಯಲ್ಲಿ ಜಾಗ ಹುಡುಕುವ ನನ್ನ ಉಪಾಯವನ್ನು ಕೇಳಿ ನಕ್ಕಿದ್ದ ಮೂವರಲ್ಲಿ ಇಬ್ಬರು ಆ ದಿನ ನನ್ನ ಜೊತೆಯಲ್ಲೇ ಇದ್ದರೆಂಬುದನ್ನು ಇಲ್ಲಿ ದಾಖಲಿಸುವುದು ಅಗತ್ಯವೆಂದು ನನಗೆ ತೋರುತ್ತದೆ.

ಮೊದಲು ಸೋಲಿನ ಲೆಕ್ಕ ಒಪ್ಪಿಸುತ್ತೇನೆ. 2022ರ ಅಕ್ಟೋಬರಿನಲ್ಲಿ ಎಲ್ಲರಂತೆ ನಾನೂ ಮಟ್ಟಸವಾದ, ಹುಲ್ಲು ಹಾಸಿದ, ಚಿತ್ರದಲ್ಲಿ ಚೆನ್ನಾಗಿ ಕಾಣುವ ದಂಡೆಯನ್ನೇ ಆರಿಸಿಕೊಂಡಿದ್ದೆ. ಎರಡನೆಯ ಬೆಳಗಿನ ಹೊತ್ತಿಗೆ ಟೆಂಟಿನ ಕಾಲುಭಾಗ ನೀರಿನಲ್ಲಿತ್ತು. ಹಿನ್ನೀರು ಏರಿದ್ದು ಹೆಚ್ಚೆಂದರೆ ಮೂರು-ನಾಲ್ಕು ಅಂಗುಲವಿರಬೇಕು, ಆದರೆ ಐವತ್ತು ಅಡಿಗೆ ಒಂದಡಿ ಇಳಿಯುವ ದಂಡೆಯಲ್ಲಿ ಅಷ್ಟು ಏರಿದರೆ ನೀರು ಹದಿನೈದು ಅಡಿ ಒಳಗೆ ಬರುತ್ತದೆ ಎಂಬ ಸರಳ ಲೆಕ್ಕವನ್ನು ನಾನು ಹಾಕಿರಲಿಲ್ಲ. ಒಂದು ಸ್ಲೀಪಿಂಗ್ ಬ್ಯಾಗ್, ಒಂದು ಮೊಬೈಲ್ ಮತ್ತು ಮೂರು ಕಿಲೋ ಅಕ್ಕಿ ಹಾಳಾದವು. ಮಾರನೆಯ ವರ್ಷ ತದ್ವಿರುದ್ಧವಾದದ್ದು ನಡೆಯಿತು. 2023ರಲ್ಲಿ ಮುಂಗಾರು ಕೈಕೊಟ್ಟು ಜಲಾಶಯ ತುಂಬಲೇ ಇಲ್ಲ, ಡಿಸೆಂಬರಿನಲ್ಲಿ ಅದೇ ದಂಡೆಗೆ ಹೋದರೆ ನೀರು ಎಲ್ಲೋ ದೂರದಲ್ಲಿ ಬೆಳ್ಳಿಯ ಗೆರೆಯಂತೆ ಹೊಳೆಯುತ್ತಿತ್ತು, ನಡುವೆ ಮೊಣಕಾಲುದ್ದದ ಕೆಸರಿತ್ತು. ಮೇಲೆ ಬಿರುಕು ಬಿಟ್ಟು ಒಣಗಿದಂತೆ ಕಾಣುವ ಆ ಕೆಸರಿನಲ್ಲಿ ನನ್ನ ಎಡಗಾಲಿನ ಬೂಟು ಇಂದಿಗೂ ಇದೆ.

ಮೂರನೆಯ ಸಲ ಹಣ ಕೊಟ್ಟು ನೆಮ್ಮದಿ ಕೊಳ್ಳೋಣವೆಂದು ಹೊರಟು, ‘ಏಕಾಂತದ ನೀರಂಚು’ ಎಂಬ ಜಾಹೀರಾತನ್ನು ನಂಬಿ ತಲೆಗೆ 1,800 ರೂಪಾಯಿಯಂತೆ ಕಟ್ಟಿದೆ. ಅಲ್ಲಿ ಹದಿನೆಂಟು ಟೆಂಟ್‌ಗಳು ಮದುವೆ ಮನೆಯ ಕುರ್ಚಿಗಳ ಹಾಗೆ ಸಾಲಾಗಿ ನಿಂತಿದ್ದವು, ರಾತ್ರಿ ಒಂದು ಗಂಟೆಯವರೆಗೆ ಸ್ಪೀಕರ್ ಹಾಡುತ್ತಿತ್ತು. ನಾಲ್ಕನೆಯ ಸಲ ಒಂದು ಸೊಪ್ಪಿನ ಬೆಟ್ಟದ ಅಂಚನ್ನು ತೋಟದವರ ಸ್ವಂತ ಜಾಗವೆಂದು ತಪ್ಪು ತಿಳಿದು ಟೆಂಟ್ ಹಾಕಿದ್ದಕ್ಕೆ, ರಾತ್ರಿ ಒಂಬತ್ತರ ಹೊತ್ತಿಗೆ ಗಾರ್ಡ್ ಬಂದು ಬಿಚ್ಚಿಸಿದರು. ತಪ್ಪು ಪೂರ್ತಿಯಾಗಿ ನನ್ನದೇ. ಸೊಪ್ಪು ತರುವ ಹಕ್ಕು ತೋಟದವರದ್ದಾದರೂ ಬೆಟ್ಟ ಸರ್ಕಾರದ್ದು ಎಂಬುದು ಸಾಗರದ ಕಡೆಯ ಮಕ್ಕಳಿಗೂ ಗೊತ್ತಿರುವ ಸಂಗತಿ. ಈ ನಾಲ್ಕು ಪ್ರಯತ್ನಗಳಿಗೆ ಪೆಟ್ರೋಲ್, ಹಾಳಾದ ಸಾಮಾನು, ಕಟ್ಟಿದ ದುಡ್ಡು ಎಲ್ಲ ಸೇರಿ ಇಪ್ಪತ್ತೇಳು-ಇಪ್ಪತ್ತೆಂಟು ಸಾವಿರ ಹೋಗಿರಬೇಕು. ಮನೆಯಲ್ಲಿ ಮಾತ್ರ ಹದಿನೈದು ಎಂದು ಹೇಳಿದ್ದೇನೆ.

ದಾರಿ ತೋರಿಸಿದ್ದು ಆ ಹೋದ ಬೂಟೇ. ನೀರು ಅಷ್ಟು ದೂರ ಸರಿಯದ ದಂಡೆಗಳೂ ಇರಲೇಬೇಕಲ್ಲವೇ ಎಂದು ಯೋಚಿಸಿ, ಪುಕ್ಕಟೆಯಾಗಿ ಸಿಗುವ ಸೆಂಟಿನೆಲ್ ಉಪಗ್ರಹದ ಚಿತ್ರಗಳಲ್ಲಿ ಜಲಾಶಯ ತುಂಬಿದ ಕಾಲದ್ದೊಂದು, ಮೇ ತಿಂಗಳ ಕೊನೆಯದ್ದೊಂದು ಆರಿಸಿ, ಎರಡರಲ್ಲೂ ನೀರಿನ ಅಂಚನ್ನು ಗೆರೆ ಎಳೆದು ಒಂದರ ಮೇಲೊಂದು ಇಟ್ಟೆ. ಹೆಚ್ಚಿನ ಕಡೆ ಎರಡು ಗೆರೆಗಳ ನಡುವೆ ಅರ್ಧ ಕಿಲೋಮೀಟರಿನಷ್ಟು ಕೆಸರಿನ ಬಯಲು ಕಂಡಿತು. ಆದರೆ ಕೆಲವು ಕಡೆ ಎರಡು ಗೆರೆಗಳೂ ಒಂದಕ್ಕೊಂದು ತಾಗುವಷ್ಟು ಹತ್ತಿರ ಬರುತ್ತಿದ್ದವು. ಅಲ್ಲಿ ದಂಡೆ ಕಡಿದಾಗಿದೆ ಎಂದೇ ಅರ್ಥ. ನೀರು ಇಳಿದರೂ ಅಲ್ಲಿ ನೇರ ಕೆಳಗೆ ಇಳಿಯುತ್ತದೆಯೇ ಹೊರತು ದೂರ ಓಡುವುದಿಲ್ಲ. ಇದನ್ನು ಹೇಳಿದಾಗ ಗೆಳೆಯನೊಬ್ಬ, "ಕಡಿದಾದ ದಂಡೆಯಲ್ಲಿ ಟೆಂಟನ್ನು ಎಲ್ಲಿ ಹಾಕ್ತೀಯೋ, ಮರಕ್ಕೆ ನೇತು ಹಾಕ್ತೀಯಾ?" ಎಂದು ಕೇಳಿದ.

ಅವನ ಪ್ರಶ್ನೆ ಸರಿಯಾಗಿಯೇ ಇತ್ತು. ಉತ್ತರ ಸಿಕ್ಕಿದ್ದು ಈ ನೆಲದ ಚರಿತ್ರೆಯಲ್ಲಿ. 1964ರಲ್ಲಿ ಅಣೆಕಟ್ಟು ಮುಗಿದಾಗ ಇಲ್ಲಿ ಮುಳುಗಿದ್ದು ಕಾಡು ಮಾತ್ರವಲ್ಲ, ಊರುಗಳೂ ಮುಳುಗಿದವು. 1,819 ಅಡಿಯ ಪೂರ್ಣಮಟ್ಟದ ಸ್ವಲ್ಪ ಮೇಲೆ ಉಳಿದುಕೊಂಡ ಹಳೆಯ ಮೆಟ್ಟಿಲುಗದ್ದೆಗಳು, ಬ್ಯಾಣಗಳು (ಹುಲ್ಲುಗಾವಲುಗಳು), ಜನ ಬಿಟ್ಟುಹೋದ ಮನೆಗಳ ಪಂಚಾಂಗಗಳು, ಅಂದರೆ ಕಲ್ಲಿನ ಅಡಿಪಾಯಗಳು, ಇಂದಿಗೂ ಇವೆ. ಕೆಳಗೆ ಕಡಿದಾದ ದಂಡೆ, ಮೇಲೆ ಮನುಷ್ಯರೇ ಎಂದೋ ಸಮ ಮಾಡಿಟ್ಟ ನೆಲ, ಇವೆರಡೂ ಕೂಡಿದ ಜಾಗ ಬೇಕು. ಹೀಗೆ ಹುಡುಕಿ ನಕ್ಷೆಯಲ್ಲಿ ಹನ್ನೊಂದು ಜಾಗ ಗುರುತಿಸಿದೆ. ಅವುಗಳಲ್ಲಿ ಪ್ರತಿಯೊಂದರ ಸರ್ವೆ ನಂಬರನ್ನು ಸರ್ಕಾರದ ಭೂನಕ್ಷೆಯ ದಿಶಾಂಕ್ ಆ್ಯಪಿನಲ್ಲಿ ತೆಗೆದು, ಪಹಣಿ ನೋಡಿ, ಖಾಸಗಿ ಹಿಡುವಳಿಯಲ್ಲದ್ದನ್ನೆಲ್ಲ ಹೊಡೆದುಹಾಕಿದ ಮೇಲೆ ನಾಲ್ಕು ಉಳಿದವು. ನೀರಿನ ಪಾತ್ರ ಸರ್ಕಾರದ್ದು, ಸುತ್ತಲಿನ ಕಾಡಿನ ಬಹುಭಾಗ ಶರಾವತಿ ಕಣಿವೆಯ ಸಿಂಗಳೀಕ ಅಭಯಾರಣ್ಯಕ್ಕೆ ಸೇರಿದ್ದು, ಆದ್ದರಿಂದ ಈ ಪಹಣಿಯ ಕೆಲಸವನ್ನು ಬಿಟ್ಟು ಮುಂದೆ ಹೋದರೆ ನನ್ನ ನಾಲ್ಕನೆಯ ಪ್ರಯತ್ನದ ಗತಿಯೇ ಆಗುತ್ತದೆ. ನಾಲ್ಕರಲ್ಲಿ ಒಂದನ್ನು ಆರಿಸಿದ ಬಗೆಯನ್ನು ನಾನು ಹೇಳುವುದಿಲ್ಲ. ಸಂಜೆಯ ಗಾಳಿಗೂ ಅದಕ್ಕೂ ಸಂಬಂಧವಿದೆ ಎಂಬಷ್ಟು ಸುಳಿವು ಸಾಕು. ಜಾಗದ ಹೆಸರನ್ನಂತೂ ಕೇಳಲೇಬೇಡಿ.

ಜಾಗದ ಯಜಮಾನರು ಎಪ್ಪತ್ತು ದಾಟಿದವರು. ನಾನು ಬಂದ ಕಾರಣ ಹೇಳಿದಾಗ ಬಾಯಲ್ಲಿದ್ದ ಕವಳ (ಎಲೆಅಡಿಕೆ) ಉಗಿದು ಬಂದು, "ಅಲ್ಲಿ ಹೋಗಿ ಎಂತಕ್ಕೆ ಮಲಗ್ತೀರಿ ಮಾರಾಯ್ರೇ, ನಮ್ಮನೆ ಜಗುಲಿ ಇಲ್ವಾ?" ಎಂದು ಕೇಳಿದರು. ಎರಡು ಭೇಟಿ, ಮೂರು ಲೋಟ ಕಷಾಯ ಆದ ಮೇಲೆ ಒಪ್ಪಿದರು. ರಾತ್ರಿಗೆ ಟೆಂಟೊಂದಕ್ಕೆ ಐದುನೂರು ಕೊಡುತ್ತೇನೆ, ಮಧ್ಯಾಹ್ನದ ಊಟ ಅವರ ಮನೆಯಲ್ಲಿ. ಬೆಂಕಿ ಹಾಕುವಂತಿಲ್ಲ, ಕಸವನ್ನು ಹೊತ್ತು ಒಯ್ಯಬೇಕು ಎಂಬ ಎರಡು ಷರತ್ತುಗಳನ್ನು ಅವರು ಹಾಕುವ ಮೊದಲೇ ನಾನೇ ಹೇಳಿದ್ದು ಕೆಲಸಕ್ಕೆ ಬಂದಿತೆಂದು ನನ್ನ ನಂಬಿಕೆ.

ಟೆಂಟ್ ಹಾಕಿದ್ದು ಒಂದು ಹಳೆಯ ಮನೆಯ ಅಂಗಳದಲ್ಲಿ. ಜಂಬಿಟ್ಟಿಗೆ ಕಲ್ಲಿನ ಪಂಚಾಂಗದ ಮೂರು ಬದಿ ಇನ್ನೂ ನಿಂತಿವೆ, ನಾಲ್ಕನೆಯದು ಜಾರಿ ನೀರಿನ ಕಡೆ ಬಿದ್ದಿದೆ, ಒರಳುಕಲ್ಲೊಂದರಲ್ಲಿ ಮಳೆನೀರು ನಿಂತು ಕಪ್ಪೆಮರಿಗಳಿದ್ದವು. ಕಲ್ಲಿನ ನೆಲಕ್ಕೆ ಗೂಟ ಇಳಿಯದ ಕಾರಣ ಹಗ್ಗಗಳನ್ನು ಪಂಚಾಂಗದ ಕಲ್ಲುಗಳಿಗೇ ಕಟ್ಟಿದೆವು. ನೀರಂಚಿನ ಮಟ್ಟಸ ದಂಡೆಯಲ್ಲಿ ಬೆಳಗಿನ ಹೊತ್ತಿಗೆ ಟೆಂಟಿನ ಬಟ್ಟೆಯ ಒಳಮೈ ತೊಟ್ಟಿಕ್ಕುತ್ತಿತ್ತು. ಇಲ್ಲಿ ಹದಿನೈದಡಿ ಎತ್ತರದಲ್ಲಿದ್ದುದರಿಂದಲೋ ಏನೋ, ಕೈಗೆ ತಾಗುವಷ್ಟು ತೇವ ಮಾತ್ರ ಇತ್ತು.

ಜೊತೆಗೆ ಮಾಡಿದ ಸಣ್ಣ ಪ್ರಯೋಗಗಳಲ್ಲಿ ಎರಡನ್ನು ಹೇಳಬೇಕು. ಮ್ಯಾಟಿನ ಬದಲು ಅಡಿಕೆ ಹಾಳೆ ಹಾಸಿ ನೋಡಿದೆ. ಒಣ ಹಾಳೆ ಮಗ್ಗುಲು ಬದಲಿಸಿದಾಗಲೆಲ್ಲ ಪಟಪಟನೆ ಸದ್ದು ಮಾಡಿ ಯಾರನ್ನೂ ನಿದ್ದೆ ಮಾಡಗೊಡಲಿಲ್ಲ, ನೆನೆಸಿ ಮೆದು ಮಾಡಿದ್ದು ಮಾರನೆಯ ದಿನ ನಾರತೊಡಗಿತು. ಎರಡನೆಯದಾಗಿ ಗೋಣಿಚೀಲಕ್ಕೆ ದರಕು (ಒಣ ತರಗೆಲೆ) ತುಂಬಿ ಹಾಸಿಗೆ ಮಾಡಹೊರಟಾಗ ಯಜಮಾನರು ನಿಜವಾಗಿಯೇ ಸಿಟ್ಟಾದರು. ಮಂಗನ ಕಾಯಿಲೆ ಹರಡುವ ಉಣುಗು ಇರುವುದೇ ಅಂಥ ತರಗೆಲೆಯಲ್ಲಿ. ಅದೇ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ 2019ರ ಆರಂಭದಲ್ಲಿ ಆ ಕಾಯಿಲೆಯಿಂದ ಜನ ಸತ್ತದ್ದನ್ನು ಅವರು ಮರೆತಿಲ್ಲ, ನಾನು ಮರೆತಿದ್ದೆ. ಕಾಯಿಲೆಯ ಕಾಲ ಡಿಸೆಂಬರಿನಿಂದ ಮೇವರೆಗೆ ಆದ್ದರಿಂದ, ಈಗ ನನ್ನ ಮೊದಲ ಆಯ್ಕೆ ನವೆಂಬರ್. ಮಳೆ ನಿಂತು ಉಂಬಳ (ಜಿಗಣೆ) ಕಡಿಮೆಯಾಗಿರುತ್ತದೆ, ಉಣುಗು ಇನ್ನೂ ಹೆಚ್ಚಿರುವುದಿಲ್ಲ, ನೀರೂ ತುಂಬಿರುತ್ತದೆ. ಜನವರಿಯಲ್ಲಿ ಹೋದರೆ ಆರೋಗ್ಯ ಇಲಾಖೆಯವರು ಹಂಚುವ, ಉಣುಗು ಹತ್ತದಂತೆ ತಡೆಯುವ ಡೆಪಾ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಂಡೇ ಕಾಡಿಗೆ ಕಾಲಿಡುತ್ತೇನೆ.

ನಡಿಗೆಯ ವಿಷಯಕ್ಕೆ ಬಂದರೆ, ಟೆಂಟಿನ ಹಿಂದಿನಿಂದಲೇ ಒಂದು ಹಳೆಯ ಗಾಡಿರಸ್ತೆ ಹೊರಟು, ಎರಡು ಗುಡ್ಡ ಸುತ್ತಿ, ಸುಮಾರು ಮೂರು ಕಿಲೋಮೀಟರ್ ಆದ ಮೇಲೆ ಯಾವ ಸೂಚನೆಯೂ ಇಲ್ಲದೆ ನೇರವಾಗಿ ನೀರಿನೊಳಕ್ಕೆ ಇಳಿದುಹೋಗುತ್ತದೆ. ಯಜಮಾನರ ಮಗ ಜೊತೆಗಿದ್ದುದರಿಂದ ದಾರಿ ತಪ್ಪಲಿಲ್ಲ. ಒಂದು ದಿನವನ್ನು ಕೊಡಚಾದ್ರಿಗೆ ಮೀಸಲಿಟ್ಟು, ಅನುಮತಿ ಮೊದಲೇ ಪಡೆದು, ಹಿಡ್ಲುಮನೆ ಜಲಪಾತದ ಪಕ್ಕದ ದಾರಿಯಲ್ಲಿ ಹತ್ತಿದೆವು. ಜೀಪಿನಲ್ಲಿ ಹೋಗುವವರಿಗೆ ಆ ದಾರಿಯ ರುಚಿ ಸಿಗುವುದಿಲ್ಲ. 1,343 ಮೀಟರಿನ ತುದಿಯಿಂದ ಹಿನ್ನೀರಿನ ಹೊಳಪು ಕಂಡಿತಾದರೂ ನಮ್ಮ ಕೊಲ್ಲಿ ಯಾವುದೆಂದು ನಾಲ್ವರೂ ನಾಲ್ಕು ಕಡೆ ಬೆರಳು ತೋರಿಸಿದೆವು.

2025ರ ಜನವರಿಯಲ್ಲಿ ಒಬ್ಬನೇ ಮತ್ತೆ ಹೋಗಿ ಅಳೆದು ಬಂದೆ. ಮಟ್ಟ ಹನ್ನೆರಡು ಅಡಿಯಷ್ಟು ಇಳಿದಿತ್ತು, ನಾನು ನೀರಿಗೆ ಹೆಚ್ಚಾಗಿ ನಡೆಯಬೇಕಾದದ್ದು ಮೂವತ್ತು ಅಡಿ ಮಾತ್ರ. ನನ್ನ ಹಳೆಯ ದಂಡೆಯಲ್ಲಾದರೆ ಅದೇ ಹನ್ನೆರಡು ಅಡಿಗೆ ಆರುನೂರು ಅಡಿ ಕೆಸರು ದಾಟಬೇಕಿತ್ತು. ಕಡಿದಾದ ದಂಡೆಗೆ ಒಂದು ದೊಡ್ಡ ದೋಷವಿದೆ. ಎರಡನೆಯ ಹೆಜ್ಜೆಗೇ ಆಳವಿರುತ್ತದೆ, ಕೆಳಗೆ ಮುಳುಗಿದ ಮರಗಳ ಬೊಡ್ಡೆಗಳಿರುತ್ತವೆ. ಹಾಗಾಗಿ ನಾವು ಯಾರೂ ಈಜುವುದಿಲ್ಲ, ಹಗ್ಗ ಕಟ್ಟಿದ ಕೊಡದಲ್ಲಿ ನೀರು ಸೇದಿಕೊಂಡು ಮೇಲೆಯೇ ಸ್ನಾನ ಮಾಡುತ್ತೇವೆ.

ಅದೇ ವರ್ಷದ ಜುಲೈಯಲ್ಲಿ ಹಿನ್ನೀರಿನ ಮೇಲಿನ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ತೆರೆದ ಮೇಲೆ ಲಾಂಚಿಗೆ ಕಾಯುವ ಕಷ್ಟ ತಪ್ಪಿದೆ, ಜೊತೆಗೆ ರಸ್ತೆಗೆ ಹತ್ತಿರದ ಮಟ್ಟಸ ದಂಡೆಗಳಿಗೆಲ್ಲ ವಾರಾಂತ್ಯದ ಕಾರುಗಳು ಬಂದು ನಿಲ್ಲುತ್ತಿವೆ. ನಮ್ಮ ಕೊಲ್ಲಿಗೆ ಮಾತ್ರ ಇನ್ನೂ ಅಡಿಕೆ ತೋಟದ ನಡುವಿನ ಸಂಕ (ಕಾಲುಸೇತುವೆ) ದಾಟಿ ಮುಕ್ಕಾಲು ಗಂಟೆ ಸಾಮಾನು ಹೊತ್ತು ನಡೆಯಬೇಕು. ಕಳೆದ ಸಲ ಆ ಅಡಿಕೆ ಮರದ ಸಂಕದ ಒಂದು ಮರ ಕೊಳೆತಿತ್ತು. ಯಜಮಾನರು ಬದಲಿಸುತ್ತೇನೆ ಎಂದಾಗ, ಇನ್ನೊಂದು ವರ್ಷ ಹಾಗೆಯೇ ಇರಲಿ ಬಿಡಿ ಎಂದು ನಾನೇ ಹೇಳಿ ಬಂದಿದ್ದೇನೆ.