ಶಿರಸಿಯಿಂದ ಜರ್ಮನಿಗೆ ಮಗಳ ಖರ್ಚಿನ ದುಡ್ಡು: ಎಲ್ಲಿ ಸೋರುತ್ತದೆ, ಹೇಗೆ ಉಳಿಸಬಹುದು

ಹೊರದೇಶಕ್ಕೆ ದುಡ್ಡು ಕಳಿಸಲು ಹೋದವರು ಬ್ಯಾಂಕಿನಲ್ಲಿ ಮೊದಲು ಕೇಳುವುದು ‘ಚಾರ್ಜ್ ಎಷ್ಟು?’ ಎಂದು. 500 ಅಂತಲೋ 1,000 ಅಂತಲೋ ಉತ್ತರ ಬರುತ್ತದೆ, ಅಷ್ಟೇ ತಾನೆ ಅಂದುಕೊಂಡು ಸಹಿ ಹಾಕುತ್ತಾರೆ. ದೊಡ್ಡ ಖರ್ಚು ಕೂತಿರುವುದು ವಿನಿಮಯ ದರದೊಳಗೆ. ಗೂಗಲ್‌ನಲ್ಲಿ ಕಾಣುವ ದರಕ್ಕೂ ಬ್ಯಾಂಕು ನಿಮಗೆ ಹಾಕುವ ದರಕ್ಕೂ ನಡುವೆ ಇರುವ ಅಂತರವೇ ಬ್ಯಾಂಕಿನ ಲಾಭ. ಅದಕ್ಕೆ ರಸೀದಿಯಲ್ಲಿ ಬೇರೆ ಸಾಲು ಇರುವುದಿಲ್ಲ.

ಲೆಕ್ಕ ಸುಲಭವಾಗಲಿ ಎಂದು ಯೂರೋ ಒಂದಕ್ಕೆ 100 ರೂಪಾಯಿ ಇಟ್ಟುಕೊಳ್ಳಿ. ಕಳಿಸಬೇಕಾದ್ದು 5,000 ಯೂರೋ. ಒಂದು ಬ್ಯಾಂಕು ಚಾರ್ಜ್ 500 ಅನ್ನುತ್ತದೆ, ದರ 102.50 ಹಾಕುತ್ತದೆ. ಇನ್ನೊಂದು ಚಾರ್ಜ್ 1,500 ಅನ್ನುತ್ತದೆ, ದರ 100.60. ಜಿಎಸ್‌ಟಿ ಎಲ್ಲ ಸೇರಿ ಮೊದಲನೆಯದಕ್ಕೆ ನಿಮ್ಮ ಖಾತೆಯಿಂದ ಹೋಗುವುದು ಸುಮಾರು 5,13,641 ರೂಪಾಯಿ, ಎರಡನೆಯದಕ್ಕೆ 5,05,313. ಚಾರ್ಜ್ ಹೆಚ್ಚು ಹೇಳಿದ ಬ್ಯಾಂಕಿನಲ್ಲೇ 8,328 ರೂಪಾಯಿ ಉಳಿಯಿತು.

ಆದ್ದರಿಂದ ಕೇಳಬೇಕಾದ ಪ್ರಶ್ನೆ ಒಂದೇ: ‘ಅಲ್ಲಿ ಪೂರ್ತಿ 5,000 ಯೂರೋ ಜಮಾ ಆಗಬೇಕು, ನನ್ನ ಖಾತೆಯಿಂದ ಒಟ್ಟು ಎಷ್ಟು ರೂಪಾಯಿ ಕಡಿತವಾಗುತ್ತದೆ?’ ಎರಡು ಮೂರು ಕಡೆ ಒಂದೇ ದಿನ, ಒಂದೇ ಹೊತ್ತಿಗೆ ಕೇಳಿ. ದರ ಗಂಟೆಗಂಟೆಗೂ ಬದಲಾಗುತ್ತದೆ, ಸೋಮವಾರದ ದರವನ್ನು ಗುರುವಾರದ್ದರ ಜೊತೆ ತೂಗಿ ಪ್ರಯೋಜನವಿಲ್ಲ. ಬೋರ್ಡಿನ ಮೇಲಿರುವ ಕಾರ್ಡ್ ರೇಟ್ ಕೊನೆಯ ಮಾತಲ್ಲ. ನಾಲ್ಕೈದು ಲಕ್ಷ ಮೀರಿದ ಮೊತ್ತವಾದರೆ ಮ್ಯಾನೇಜರ್ ಹತ್ತಿರ ‘ಟ್ರೆಜರಿಯಿಂದ (ದರ ನಿಗದಿ ಮಾಡುವ ಬ್ಯಾಂಕಿನ ವಿಭಾಗ) ಸ್ಪೆಷಲ್ ರೇಟ್ ಕೇಳಿ ಕೊಡಿ’ ಎನ್ನಿ, ಬೇರೆ ಬ್ಯಾಂಕು ಹೇಳಿದ ದರವನ್ನೂ ತೋರಿಸಿ. ಮಂಡಿಯಲ್ಲಿ ಅಡಿಕೆಗೆ ದರ ಮಾತಾಡಲು ಹಿಂಜರಿಯದವರು ಬ್ಯಾಂಕಿನ ಕೌಂಟರಿನಲ್ಲಿ ಮಾತ್ರ ಯಾಕೆ ಸುಮ್ಮನಾಗುತ್ತಾರೋ!

ಕರೆನ್ಸಿ ಬದಲಾವಣೆಯ ಮೇಲಿನ ಜಿಎಸ್‌ಟಿ ಮಾತ್ರ ಎಲ್ಲಿ ಹೋದರೂ ಒಂದೇ ಸೂತ್ರ, ಚೌಕಾಸಿಗೆ ಬಗ್ಗುವುದಿಲ್ಲ. 1 ಲಕ್ಷದವರೆಗೆ ಮೊತ್ತದ ಶೇ. 0.18 (ಕನಿಷ್ಠ 45 ರೂಪಾಯಿ), ಅಲ್ಲಿಂದ 10 ಲಕ್ಷದವರೆಗೆ 180 ರೂಪಾಯಿ ಮತ್ತು ಹೆಚ್ಚುವರಿ ಮೊತ್ತದ ಶೇ. 0.09. ತಿಂಗಳು ತಿಂಗಳು ಚೂರುಚೂರು ಕಳಿಸುವ ಬದಲು ಮೂರು ತಿಂಗಳದ್ದು ಒಟ್ಟಿಗೆ ಕಳಿಸಿದರೆ ಈ ತೆರಿಗೆಯೂ ಪ್ರತಿ ಸಲದ ಚಾರ್ಜೂ ಕಡಿಮೆಯಾಗುತ್ತವೆ.

ದಾರಿಯಲ್ಲಿ ಕಡಿತವಾಗುವ ದುಡ್ಡು

ಸ್ವಿಫ್ಟ್ (ದೇಶದೇಶಗಳ ಬ್ಯಾಂಕುಗಳ ನಡುವಿನ ಸಂದೇಶ ಜಾಲ) ಮೂಲಕ ಹೋಗುವ ದುಡ್ಡು ಹಲವು ಸಲ ನಡುವೆ ಇನ್ನೊಂದು ಬ್ಯಾಂಕನ್ನು ಹಾದು ಹೋಗುತ್ತದೆ, ಆ ಬ್ಯಾಂಕು ತನ್ನ ಪಾಲು ಮುರಿದುಕೊಳ್ಳುತ್ತದೆ. ಅರ್ಜಿಯಲ್ಲಿ ‘ಅವರ್’ (OUR), ‘ಶಾ’ (SHA), ‘ಬೆನ್’ (BEN) ಎಂಬ ಮೂರು ಆಯ್ಕೆಗಳಿರುವುದು ಇದಕ್ಕೇ. ‘ಅವರ್’ ಅಂದರೆ ಎಲ್ಲ ಖರ್ಚು ನಿಮ್ಮದು, ‘ಶಾ’ ಅಂದರೆ ಹಂಚಿಕೆ, ‘ಬೆನ್’ ಅಂದರೆ ಪೂರ್ತಿ ಪಡೆಯುವವರ ತಲೆಗೆ. ಮನೆಖರ್ಚಿಗಾದರೆ ‘ಶಾ’ ಸಾಕು. ಜರ್ಮನ್ ವೀಸಾದ ಬ್ಲಾಕ್ಡ್ ಅಕೌಂಟ್‌ಗೆ (ಓದುವ ಅವಧಿಯ ಖರ್ಚಿಗೆ ಮುಂಚೆಯೇ ದುಡ್ಡು ಇಟ್ಟು ತೋರಿಸುವ ಖಾತೆ) ಅದು ನಡೆಯುವುದಿಲ್ಲ. 2024ರ ಸೆಪ್ಟೆಂಬರಿನಿಂದ ಅಲ್ಲಿ ವರ್ಷಕ್ಕೆ 11,904 ಯೂರೋ ತೋರಿಸಬೇಕು. 15 ಯೂರೋ ಕಡಿಮೆ ಬಿದ್ದರೂ ದೃಢೀಕರಣ ಪತ್ರ ತಡೆದು ನಿಲ್ಲುತ್ತದೆ, ಆ 15ಕ್ಕಾಗಿ ಮತ್ತೊಂದು ಸಲ ಪೂರ್ತಿ ಚಾರ್ಜ್. ಇಂಥ ಕಡೆ, ಕಾಲೇಜು ಫೀಗೂ ಸಹ, ‘ಅವರ್’ ಬರೆಸಿ.

ಟಿಸಿಎಸ್

ಎಲ್‌ಆರ್‌ಎಸ್ ಎಂಬ, ವಿದೇಶಕ್ಕೆ ದುಡ್ಡು ಕಳಿಸಲು ಅವಕಾಶ ಕೊಡುವ ರಿಸರ್ವ್ ಬ್ಯಾಂಕಿನ ಯೋಜನೆಯಡಿ ಒಬ್ಬರು ಒಂದು ಹಣಕಾಸು ವರ್ಷದಲ್ಲಿ 2,50,000 ಡಾಲರ್‌ವರೆಗೆ ಕಳಿಸಬಹುದು. ನಮಗೆ ತಟ್ಟುವ ಮಿತಿ ಅದಲ್ಲ, 10 ಲಕ್ಷ ರೂಪಾಯಿಯದ್ದು. 2025ರ ಏಪ್ರಿಲ್ 1ರಿಂದ ಒಂದು ಪ್ಯಾನ್‌ಗೆ ವರ್ಷಕ್ಕೆ 10 ಲಕ್ಷದವರೆಗೆ ಟಿಸಿಎಸ್ (ದುಡ್ಡು ಕಳಿಸುವಾಗಲೇ ಬ್ಯಾಂಕು ಹಿಡಿದುಕೊಳ್ಳುವ ತೆರಿಗೆ) ಇಲ್ಲ. ಅದಕ್ಕೆ ಮೇಲ್ಪಟ್ಟ ಮೊತ್ತಕ್ಕೆ, ಉದ್ದೇಶ ಕುಟುಂಬ ನಿರ್ವಹಣೆಯೋ ಉಡುಗೊರೆಯೋ ಆಗಿದ್ದರೆ ಶೇ. 20, ಓದಿಗೆ, ಚಿಕಿತ್ಸೆಗೆ ಅದಕ್ಕಿಂತ ಬಹಳ ಕಡಿಮೆ. ಬ್ಯಾಂಕಿನ ಶಿಕ್ಷಣ ಸಾಲದಿಂದಲೇ ಹೋದ ದುಡ್ಡಿಗೆ ಏನೂ ಇಲ್ಲ.

ತಪ್ಪಾಗುವುದು ಎ2 ಫಾರ್ಮಿನ (ವಿದೇಶಕ್ಕೆ ದುಡ್ಡು ಕಳಿಸುವ ಅರ್ಜಿ) ಪರ್ಪಸ್ ಕೋಡ್‌ನಲ್ಲಿ, ಅಂದರೆ ಉದ್ದೇಶ ಹೇಳುವ ಸಂಕೇತದಲ್ಲಿ. ಓದಲು ಹೋದವರ ಫೀ, ಹಾಸ್ಟೆಲ್ ಖರ್ಚಿಗೆ ಎಸ್‌0305. ಕೌಂಟರಿನವರು ಅವಸರದಲ್ಲಿ ಎಸ್‌1301, ಅಂದರೆ ಕುಟುಂಬ ನಿರ್ವಹಣೆ, ಹಾಕಿದರೆ ಅದೇ 11,904 ಯೂರೋದಲ್ಲಿ (ಮೇಲಿನ 100 ರೂಪಾಯಿ ಲೆಕ್ಕಕ್ಕೆ 11,90,400) 10 ಲಕ್ಷ ಮೀರಿದ 1,90,400ಕ್ಕೆ 38,080 ರೂಪಾಯಿ ಹಿಡಿಯುತ್ತಾರೆ. ಪ್ರವೇಶ ಪತ್ರದ ಪ್ರತಿ ಕೊಟ್ಟು ಕೋಡ್ ಸರಿಯಾಗಿ ಬರೆಸಿ, ಸಹಿಗೆ ಮುಂಚೆ ಒಮ್ಮೆ ಓದಿ. ಟಿಸಿಎಸ್ ಕಳಿಸುವ ಮೊತ್ತದ ಮೇಲೆ ಬೇರೆಯಾಗಿ ಕಡಿತವಾಗುವುದರಿಂದ ಖಾತೆಯಲ್ಲಿ ಅಷ್ಟು ಹೆಚ್ಚಿಗೆ ಇರಬೇಕು, ಇಲ್ಲವಾದರೆ ಅರ್ಜಿಯೇ ನಿಲ್ಲುತ್ತದೆ.

ಇನ್ನೂ ಸುಲಭದ ದಾರಿ: ಅಪ್ಪನ ಖಾತೆಯಿಂದ 6 ಲಕ್ಷ, ಅಮ್ಮನ ಖಾತೆಯಿಂದ ಉಳಿದದ್ದು. ಇಬ್ಬರ ಪ್ಯಾನ್‌ಗೂ 10 ಲಕ್ಷದ ಮಿತಿ ಬೇರೆಬೇರೆ. ಒಬ್ಬರೇ ಎರಡು ಬ್ಯಾಂಕುಗಳಿಂದ ಕಳಿಸಿದರೆ ಮಾತ್ರ ಪ್ರಯೋಜನವಿಲ್ಲ, ಲೆಕ್ಕ ಪ್ಯಾನ್ ಮೇಲೇ ಕೂಡುತ್ತದೆ.

ತೋಟದವರು ಇಲ್ಲಿ ಇನ್ನೊಂದು ವಿಷಯ ಗಮನಿಸಬೇಕು. ಟಿಸಿಎಸ್ ಮುಂಗಡ ತೆರಿಗೆಯಷ್ಟೇ, ವಾಪಸ್ ಸಿಗುತ್ತದೆ. ಆದರೆ ರಿಟರ್ನ್ ಸಲ್ಲಿಸಿದವರಿಗೆ ಮಾತ್ರ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲವೆಂದು ರಿಟರ್ನ್ ಹಾಕದೇ ಕೂತರೆ ಆ ದುಡ್ಡು ಸರ್ಕಾರದ ಹತ್ತಿರವೇ ಉಳಿಯುತ್ತದೆ. ಟಿಸಿಎಸ್ ಹಿಡಿದ ವರ್ಷ ಆದಾಯ ಇಲ್ಲದಿದ್ದರೂ ರಿಟರ್ನ್ ಹಾಕಿ.

ಊರಿನ ಅಡಚಣೆಗಳು

ಅಡಿಕೆ ಬಿಲ್ಲಿನ ದುಡ್ಡು ಸೊಸೈಟಿ ಖಾತೆಯಲ್ಲಿದ್ದರೆ ಅಲ್ಲಿಂದ ನೇರ ವಿದೇಶಕ್ಕೆ ಹೋಗದು. ಮೊದಲು ವಿದೇಶಿ ವಿನಿಮಯದ ಅಧಿಕಾರವಿರುವ ಬ್ಯಾಂಕಿನ ನಿಮ್ಮದೇ ಖಾತೆಗೆ ತಂದುಕೊಳ್ಳಿ. ಆ ಖಾತೆ ಹೊಸದಾದರೆ ಹಳೆಯ ಖಾತೆಯ ಒಂದು ವರ್ಷದ ಸ್ಟೇಟ್‌ಮೆಂಟ್ ಕೇಳಬಹುದು, ಫೀ ಕಟ್ಟುವ ಕೊನೆಯ ವಾರದಲ್ಲಿ ಖಾತೆ ತೆರೆಯಲು ಹೊರಡಬೇಡಿ. ಶಿರಸಿ, ಕುಮಟಾದ ಎಷ್ಟೋ ಶಾಖೆಗಳು ಕಾಗದಪತ್ರವನ್ನು ದೊಡ್ಡ ಊರಿನ ಶಾಖೆಗೆ ಕಳಿಸುತ್ತವೆ. ಅಲ್ಲಿ ಕೈಗೆತ್ತಿಕೊಂಡ ಹೊತ್ತಿನ ದರವೇ ನಿಮಗೆ ಬೀಳುತ್ತದೆ. ಬೆಳಿಗ್ಗೆಯೇ ಕೊಡಿ, ಶುಕ್ರವಾರ ಮಧ್ಯಾಹ್ನ ಬೇಡ. ನೆಟ್‌ಬ್ಯಾಂಕಿಂಗ್‌ನಲ್ಲಿ ದರ ಕಣ್ಣೆದುರೇ ಕಾಣುತ್ತದೆ, ಈ ಕಾಯುವಿಕೆಯೂ ಇಲ್ಲ.

ಭಟ್ಕಳ, ಹೊನ್ನಾವರದ ಕಡೆ ಬಾಯಿಮಾತಿನಲ್ಲಿ ಬರುವ ಇನ್ನೊಂದು ಉಪಾಯವಿದೆ: ದುಬೈಯಲ್ಲಿರುವ ಭಾವ ಅಲ್ಲಿಂದಲೇ ಮಗನ ಖಾತೆಗೆ ಹಾಕುವುದು, ನಾವು ಇಲ್ಲಿ ಅವರ ಮನೆಗೆ ರೂಪಾಯಿ ಕೊಡುವುದು. ಮನೆಯೊಳಗಿನ ಹೊಂದಾಣಿಕೆಯಂತೆ ಕಂಡರೂ ಇದು ಫೆಮಾ (ವಿದೇಶಿ ವಿನಿಮಯ ನಿರ್ವಹಣಾ) ಕಾಯ್ದೆಯ ಉಲ್ಲಂಘನೆ, ದಂಡ ಮೊತ್ತದ ಮೂರು ಪಟ್ಟಿನವರೆಗೂ ಹೋಗಬಹುದು. ಭಾವ ಏನನ್ನೂ ವಾಪಸ್ ಪಡೆಯದೇ ತನ್ನ ದುಡಿಮೆಯಿಂದ ಕೊಟ್ಟರೆ ತೊಂದರೆಯಿಲ್ಲ. ಅದೇ ಭಾವ ಊರಿಗೆ ಕಳಿಸುವಾಗಲೂ ಚಾರ್ಜ್ ನೋಡದೆ ಒಟ್ಟು ಎಷ್ಟು ರೂಪಾಯಿ ಜಮಾ ಆಗುತ್ತದೆಂದೇ ಹೋಲಿಸಲಿ. ಮನಿ ಟ್ರಾನ್ಸ್‌ಫರ್ ಅಂಗಡಿಗಳಲ್ಲಿ ನಗದಾಗಿ ಕೊಡುವುದು 50,000 ರೂಪಾಯಿವರೆಗೆ ಮಾತ್ರ.

ಕೊನೆಗೆ ವಿವರ ತುಂಬುವುದು. ಹೆಸರು ಅಲ್ಲಿನ ಖಾತೆಯಲ್ಲಿದ್ದ ಹಾಗೇ ಇರಲಿ. ಪಾಸ್‌ಪೋರ್ಟಿನಲ್ಲಿ ಮನೆತನದ ಹೆಸರು ಹಿಂದೆಮುಂದೆ ಆಗಿರುವವರು ಹೆಚ್ಚು ಎಚ್ಚರ ವಹಿಸಬೇಕು. ಜರ್ಮನಿಯ ಐಬ್ಯಾನ್ (ಅಂತರರಾಷ್ಟ್ರೀಯ ಖಾತೆ ಸಂಖ್ಯೆ) 22 ಅಕ್ಷರ. ಬ್ಯಾಂಕಿನ ಶಾಖೆ ಗುರುತಿಸಲು ಬ್ರಿಟನ್ನಿಗೆ ಸಾರ್ಟ್ ಕೋಡ್, ಆಸ್ಟ್ರೇಲಿಯಾಕ್ಕೆ ಬಿಎಸ್‌ಬಿ, ಕೆನಡಾಕ್ಕೆ ಟ್ರಾನ್ಸಿಟ್ ನಂಬರ್ ಬೇಕು. ತಪ್ಪಾಗಿ ದುಡ್ಡು ತಿರುಗಿ ಬಂದರೆ ಬ್ಯಾಂಕು ಅದನ್ನು ಕೊಳ್ಳುವ ದರದಲ್ಲಿ ರೂಪಾಯಿ ಮಾಡುತ್ತದೆ, ಮತ್ತೆ ಕಳಿಸುವಾಗ ಮಾರುವ ದರ. ನಷ್ಟ ಎರಡು ಸಲ. ಕಳಿಸಿದ ದಿನವೇ ಸ್ವಿಫ್ಟ್ ಕಾಪಿ (ಕಳಿಸಿದ ಸಂದೇಶದ ಪ್ರತಿ) ಕೇಳಿ ಪಡೆಯಿರಿ. ಅದರಲ್ಲಿರುವ ಯುಇಟಿಆರ್ ಎಂಬ 36 ಅಕ್ಷರದ ಸಂಖ್ಯೆ ಇದ್ದರೆ ದುಡ್ಡು ಯಾವ ಬ್ಯಾಂಕಿನಲ್ಲಿ ಸಿಕ್ಕಿಕೊಂಡಿದೆ ಎಂದು ಹುಡುಕಿಸಬಹುದು.