ಮನೇಲೇ ಕಾರ್ ಕೆಲ್ಸ ಮಾಡ್ಕೊಳ್ಳೋರು ಯಾವ ಟೂಲ್ ತಗೋಬೇಕು, ಯಾವ್ದು ಬೇಡ

ಆನ್‌ಲೈನಲ್ಲಿ 108 ಪೀಸ್ ಟೂಲ್ ಕಿಟ್ ಆಫರಲ್ಲಿ ಕಂಡ್ರೆ ಯಾರಿಗಾದ್ರೂ ಆಸೆ ಆಗತ್ತೆ, ಆದ್ರೆ ಡಬ್ಬಿ ಬಿಚ್ಚಿದ್ರೆ ಒಳಗೆ ಸುಮಾರೆಲ್ಲ ಸ್ಕ್ರೂಡ್ರೈವರ್ ಬಿಟ್‌ಗಳೇ, ಅದ್ರ ಮೇಲೆ ಒಂದಷ್ಟು ಇಂಚ್ ಸೈಜಿನ ಸಾಕೆಟ್ (ನಟ್ ಮೇಲೆ ಟೋಪಿ ಥರ ಕೂರೋದು) ಬೇರೆ ಸೇರ್ಸಿರ್ತಾರೆ, ನಮ್ ಕಾರುಗಳಲ್ಲಿ ಇರೋದೆಲ್ಲ ಎಂಎಂ ನಟ್ಟು, ಅದನ್ನ ತಗೊಂಡು ಏನ್ ಮಾಡ್ತೀರ. ಅದಕ್ಕೇ ಮೊದ್ಲು ಒಂದ್ ಚೀಟೀಲಿ ನೀವು ನಿಜವಾಗ್ಲೂ ಮಾಡೋ ಕೆಲ್ಸ ಬರ್ಕೊಳ್ಳಿ. ಸ್ಟೆಪ್ನಿ ಹಾಕೋದು, ಏರ್ ಫಿಲ್ಟರ್, ಬ್ಯಾಟರಿ, ವೈಪರ್, ಸ್ಪಾರ್ಕ್ ಪ್ಲಗ್, ಧೈರ್ಯ ಇದ್ರೆ ಇಂಜಿನ್ ಆಯಿಲ್, ಅಷ್ಟೇ ತಾನೇ? ಏರ್‌ಬ್ಯಾಗು, ಎಸಿ ಗ್ಯಾಸು, ಕ್ಲಚ್ಚು ಗ್ಯಾರೇಜ್‌ನವ್ರಿಗೇ ಬಿಡಿ.

ಸ್ಪ್ಯಾನರ್ ತಗೊಳ್ಳೋವಾಗ ಒಂದ್ ಕಡೆ ರಿಂಗು ಇನ್ನೊಂದ್ ಕಡೆ ಓಪನ್ ಇರೋ ಕಾಂಬಿನೇಶನ್ ಸೆಟ್ಟೇ ತಗೊಳ್ಳಿ. ಮಾರುತಿ, ಟೊಯೋಟಾ, ಹೋಂಡಾ, ಹ್ಯುಂಡೈ ಆದ್ರೆ 10, 12, 14 ಸೈಜಿಗೇ ಜಾಸ್ತಿ ಕೆಲ್ಸ, ಸ್ಕೋಡಾ, ವೋಕ್ಸ್‌ವ್ಯಾಗನ್ ಇದ್ರೆ 10, 13, 16 ಜೊತೆಗೆ ನಕ್ಷತ್ರದ ಆಕಾರದ ಟಾರ್ಕ್ಸ್ ಬಿಟ್‌ಗಳೂ, ಆರು ಮೂಲೆ ತೂತಿಗೆ ಹಾಕೋ ಅಲೆನ್ ಕೀನೂ ಬೇಕು. ಸಾಕೆಟ್ಟು ಆರು ಮೂಲೆಯದ್ದೇ ಇರ್ಲಿ, ಹನ್ನೆರಡು ಮೂಲೆಯದ್ದು ಹಳೇ ತುಕ್ಕು ನಟ್ ಮೇಲೆ ಜಾರಿ ನಟ್ಟನ್ನೇ ರೌಂಡ್ ಮಾಡಿಬಿಡತ್ತೆ, ಆಮೇಲೆ ಅದನ್ನ ಬಿಚ್ಚೋಕೆ ವೆಲ್ಡಿಂಗ್ ಅಂಗಡೀಗೆ ಹೋಗ್ಬೇಕು. ವೀಲ್ ನಟ್ಟು ಮಾರುತೀಲಿ ಸಾಮಾನ್ಯವಾಗಿ 19, ಹ್ಯುಂಡೈಲಿ 21, ವೋಕ್ಸ್‌ವ್ಯಾಗನ್‌ಗೆ 17ರ ಬೋಲ್ಟು, ನಿಮ್ ಕಾರಿಂದು ನೋಡ್ಕೊಂಡು ಆ ಸೈಜಿಂದು ಅರ್ಧ ಇಂಚ್ ಡ್ರೈವ್ (ಹ್ಯಾಂಡಲ್ ಕೂರೋ ಚೌಕ ತೂತಿನ ಅಳತೆ) ಸಾಕೆಟ್ ಒಂದು, ಬಿಗಿ ನಟ್ ಬಿಚ್ಚೋಕೆ ಬ್ರೇಕರ್ ಬಾರ್ ಅನ್ನೋ ಉದ್ದನೆ ಹ್ಯಾಂಡಲ್ ಒಂದು ತಗೊಳ್ಳಿ. ಬಿಗಿ ನಟ್ಟನ್ನ ರ‍್ಯಾಚೆಟಲ್ಲಿ (ಒಂದೇ ಕಡೆ ತಿರುಗೋ ಕಟಕಟ ಹ್ಯಾಂಡಲ್) ಕಿತ್ತು ಬಿಚ್ಚೋಕೆ ಹೋಗ್ಬೇಡಿ, ಒಳಗಿನ ಹಲ್ಲು ಹೋಗತ್ತೆ.

ದುಡ್ಡು ಉಳ್ಸೋಕೆ ಹೋಗ್ಬಾರ್ದ ಜಾಗ ಜ್ಯಾಕು. ಕಾರ್ ಜೊತೆ ಬರೋ ಸ್ಕ್ರೂ ಜ್ಯಾಕು ಸ್ಟೆಪ್ನಿ ಬದಲಾಯ್ಸೋಕೆ ಅಷ್ಟೇ ಇರೋದು. ಕಾರ್ ಕೆಳಗೆ ತಲೆ ಹಾಕೋ ಕೆಲ್ಸ ಇದ್ರೆ ಚಕ್ರ ಇರೋ 2 ಟನ್ ಹೈಡ್ರಾಲಿಕ್ ಟ್ರಾಲಿ ಜ್ಯಾಕು, ಜೊತೆಗೆ ಎತ್ತಿದ ಕಾರನ್ನ ಹೊತ್ಕೊಂಡು ನಿಲ್ಲೋ ಜ್ಯಾಕ್ ಸ್ಟ್ಯಾಂಡ್ ಒಂದ್ ಜೊತೆ, ಎರಡೂ ಬೇಕು, ಯಾಕಂದ್ರೆ ಹೈಡ್ರಾಲಿಕ್ ಜ್ಯಾಕಲ್ಲಿ ಒಂದ್ ಸೀಲ್ ಲೀಕಾದ್ರೆ ಸಾಕು, ಕಾರು ಕೆಳಗೆ ಇಳಿಯತ್ತೆ. ಸ್ಟ್ಯಾಂಡ್ ಬದ್ಲು ಮನೆ ಕಟ್ಟಿ ಮಿಕ್ಕಿರೋ ಹಾಲೋ ಬ್ಲಾಕ್ ಕಾರ್ ಕೆಳಗೆ ಕೊಡೋರನ್ನ ನೋಡಿದ್ರೆ ನಂಗೆ ನಿಜವಾಗ್ಲೂ ಭಯ ಆಗತ್ತೆ, ಅದು ಬಿರುಕು ಬಿಟ್ಟು ಹೇಳ್ಕೇಳಿ ಒಡೆಯಲ್ಲ, ಒಂದೇ ಸಲ ಪುಡಿಯಾಗತ್ತೆ. ಸುಮಾರು ಕಾರುಗಳಲ್ಲಿ ಹ್ಯಾಂಡ್‌ಬ್ರೇಕ್ ಹಿಡಿಯೋದು ಹಿಂದಿನ ಚಕ್ರ ಮಾತ್ರ, ಹಾಗಾಗಿ ಹಿಂಭಾಗ ಎತ್ತೋವಾಗ ಅದು ಇದ್ದೂ ಇಲ್ಲದ ಹಾಗೆ, ಮುಂದಿನ ಚಕ್ರಕ್ಕೆ ಎರಡೂ ಕಡೆ ಮರದ ತುಂಡು ಅಡ್ಡ ಕೊಡ್ಲೇಬೇಕು.

ಇನ್ನು ಟಾರ್ಕ್ ರೆಂಚು, ಅಂದ್ರೆ ನಾವು ಇಟ್ಟ ನಂಬರಿನಷ್ಟು ಟೈಟ್ ಆದ ತಕ್ಷಣ ಕ್ಲಿಕ್ ಅನ್ನೋ ಸ್ಪ್ಯಾನರ್. ಇದು ದುಬಾರಿ, ಬೇಡ ಅಂತ ತುಂಬಾ ಜನ ಬಿಟ್ಟುಬಿಡ್ತಾರೆ, ನನ್ ಪ್ರಕಾರ ಪವರ್ ಟೂಲ್‌ಗಿಂತ ಮೊದ್ಲು ಬರ್ಬೇಕಾಗಿರೋದು ಇದೇ. ನಮ್ಮಲ್ಲಿ ವೀಲ್ ಸ್ಪ್ಯಾನರ್ ಮೇಲೆ ಕಾಲಿಟ್ಟು ಹತ್ತಿ ನಿಂತು ಟೈಟ್ ಮಾಡೋ ಅಭ್ಯಾಸ, ಹಾಗೆ ಮಾಡಿದ್ರೆ ನಟ್ ಕೂರೋ ಸ್ಟಡ್ಡು ಎಳ್ಕೊಳ್ಳತ್ತೆ, ಮುಂದೆ ಯಾವ್ದೋ ಹೈವೇಲಿ ರಾತ್ರಿ ಪಂಕ್ಚರ್ ಆದಾಗ ಮನೇವ್ರ ಕೈಲಿ ಬಿಚ್ಚೋಕೇ ಆಗಲ್ಲ. ಸಣ್ಣ ಕಾರುಗಳ ವೀಲ್ ನಟ್ಟಿಗೆ ಸಾಮಾನ್ಯವಾಗಿ 85ರಿಂದ 110 ಎನ್‌ಎಂ (ನ್ಯೂಟನ್ ಮೀಟರ್, ತಿರುಗ್ಸೋ ಬಲದ ಅಳತೆ) ಒಳಗೇ ಬರತ್ತೆ, ಸರಿಯಾದ ನಂಬರ್ ಮ್ಯಾನ್ಯುಯಲಲ್ಲಿ ಇರತ್ತೆ. 100 ಎನ್‌ಎಂ ಅಂದ್ರೆ ಅರ್ಧ ಮೀಟರ್ ಉದ್ದದ ಹ್ಯಾಂಡಲ್ ತುದೀಗೆ ಹತ್ರ ಹತ್ರ 20 ಕೆಜಿ ಭಾರ ಬಿಟ್ಟಂಗೆ, ಅಷ್ಟೇ, ಹತ್ತಿ ಕುಣಿಯೋ ಅಷ್ಟೆಲ್ಲ ಬೇಡ. ಎದುರುಬದುರು ನಟ್ಟುಗಳನ್ನ ಟೈಟ್ ಮಾಡ್ತಾ ಹೋಗಿ, ಒಂದ್ ಸಲ ಕ್ಲಿಕ್ ಅಂದ ತಕ್ಷಣ ನಿಲ್ಸಿ. ಇದ್ರಲ್ಲಿ ನಟ್ ಬಿಚ್ಬೇಡಿ, ಕೆಲ್ಸ ಆದ್ಮೇಲೆ ಸ್ಕೇಲಲ್ಲಿ ಇರೋ ಕಡಿಮೆ ನಂಬರ್‌ಗೆ ಇಳಿಸಿ ಇಡಿ, ಇಲ್ದಿದ್ರೆ ಸ್ಪ್ರಿಂಗು ಸೋಲತ್ತೆ. 40-200 ಎನ್‌ಎಂ ರೇಂಜಿಂದು ಚಕ್ರಕ್ಕೆ ಸರಿ, ಆದ್ರೆ ಸ್ಪಾರ್ಕ್ ಪ್ಲಗ್‌ಗೆ ಅದಕ್ಕಿಂತ ತುಂಬಾ ಕಮ್ಮಿ ಬೇಕು, ಪ್ಲಗ್ ಕೂರೋ ಇಂಜಿನ್ ಹೆಡ್ಡು ಅಲ್ಯೂಮಿನಿಯಂ ಇರೋದ್ರಿಂದ ಥ್ರೆಡ್ ಹೋಯ್ತು ಅಂದ್ರೆ ಖರ್ಚು ಕೇಳ್ಬೇಡಿ, ಪ್ಲಗ್ ಕೆಲ್ಸಾನೂ ಮಾಡೋರು ಸಣ್ಣ ರೇಂಜಿಂದು ಇನ್ನೊಂದು ತಗೋಬೇಕಾಗತ್ತೆ.

ಕರೆಂಟು, ಬ್ಯಾಟರಿ ಟೂಲ್‌ಗಳಲ್ಲಿ ಮೊದ್ಲು 12 ವೋಲ್ಟ್ ಟೈರ್ ಇನ್‌ಫ್ಲೇಟರ್ ತಗೊಳ್ಳಿ, ಗಾಳಿ ಎಷ್ಟಿದೆ ನೋಡೋ ಗೇಜ್ ಬೇರೇನೇ ಒಂದು ಇರ್ಲಿ, ಅಗ್ಗದ ಇನ್‌ಫ್ಲೇಟರ್ ತೋರ್ಸೋ ನಂಬರ್‌ನ ಪೂರ್ತಿ ನಂಬೋ ಹಾಗಿಲ್ಲ. ಆಮೇಲೆ ವೋಲ್ಟ್ ಅಳೆಯೋ ಸಾದಾ ಮಲ್ಟಿಮೀಟರ್. ರಾತ್ರಿಯೆಲ್ಲ ನಿಂತ ಕಾರಿನ ಬ್ಯಾಟರಿ 12.6 ವೋಲ್ಟ್ ತೋರ್ಸಿದ್ರೆ ಫುಲ್ಲು, 12ಕ್ಕೆ ಬಂದಿದ್ರೆ ಖಾಲಿ ಆಗ್ತಾ ಇದೆ, ಇಂಜಿನ್ ಆನ್ ಮಾಡಿದ್ರೆ 14ರ ಆಸುಪಾಸು ಬರ್ಬೇಕು, ಬರ್ಲಿಲ್ಲ ಅಂದ್ರೆ ಹೊಸ ಬ್ಯಾಟರಿ ತಗೊಳ್ಳೋ ಮೊದ್ಲು ಬ್ಯಾಟರಿ ಚಾರ್ಜ್ ಮಾಡೋ ಆಲ್ಟರ್ನೇಟರ್ ನೋಡ್ಸಿ. ಏಟು ಕೊಟ್ಟು ಕೊಟ್ಟು ನಟ್ ತಿರುಗ್ಸೋ ಇಂಪ್ಯಾಕ್ಟ್ ರೆಂಚು ಎಲ್ರಿಗೂ ಇಷ್ಟ, ಆ ಕಟಕಟ ಸೌಂಡೇ ಚೆನ್ನಾಗಿರತ್ತೆ, ಬೇಕು ಅಂದ್ರೆ 18-20 ವೋಲ್ಟಿನ ಬ್ಯಾಟರಿದು, 300 ಎನ್‌ಎಂ ಇದ್ರೆ ಸಣ್ಣ ಕಾರಿಗೆ ಸಾಕು, ಆದ್ರೆ ಬಿಚ್ಚೋಕೆ ಮಾತ್ರ ಬಳಸಿ. ಅದಕ್ಕೆ ಕಪ್ಪು ಬಣ್ಣದ ಇಂಪ್ಯಾಕ್ಟ್ ಸಾಕೆಟ್ಟೇ ಹಾಕಿ, ಪಳಪಳ ಹೊಳೆಯೋ ಸಾಕೆಟ್ಟು ಆ ಏಟಿಗೆ ಸೀಳಿ ಮುಖಕ್ಕೆ ಹಾರ್ಬೋದು. ಕಬ್ಬಿಣ ಕೊಯ್ಯೋ ಗ್ರೈಂಡರ್ ಮಷೀನು ಕಾರಿನ ನೆಪದಲ್ಲಿ ಬೇಡ.

ಬೆಂಗಳೂರಲ್ಲಿದ್ರೆ ಎಸ್‌ಪಿ ರೋಡ್ ಕಡೆ, ಬೇರೆ ಊರಲ್ಲಿ ಒಳ್ಳೇ ಹಾರ್ಡ್‌ವೇರ್ ಅಂಗಡೀಲಿ ಕೈಯಲ್ಲಿ ಹಿಡಿದು ನೋಡಿ ತಗೊಳ್ಳಿ, ಟಪಾರಿಯಾ ಥರದ ಮಾಮೂಲಿ ಬ್ರ್ಯಾಂಡ್ ಮನೆ ಕೆಲ್ಸಕ್ಕೆ ಧಾರಾಳ ಸಾಕು, ಡೂಪ್ಲಿಕೇಟ್ ಓಡಾಡತ್ತೆ ಅದಕ್ಕೆ ಬಿಲ್ ಕೇಳಿ. ಒಂದ್ ಹೊಸ ನಟ್ ಜೇಬಲ್ಲಿ ಇಟ್ಕೊಂಡು ಹೋಗಿ ಸಾಕೆಟ್ ಕೂರ್ಸಿ ಅಲ್ಲಾಡ್ಸಿ, ಲೊಡಲೊಡ ಅಂದ್ರೆ ವಾಪಸ್ ಇಟ್ಬಿಡಿ. ಕರಾವಳಿ, ಮಲೆನಾಡಿನವ್ರು ಕೆಲ್ಸ ಮುಗಿದ್ಮೇಲೆ ಬನಿಯನ್ ವೇಸ್ಟ್ ಬಟ್ಟೇಲಿ ಟೂಲ್‌ಗಳಿಗೆ ಸ್ವಲ್ಪ ಆಯಿಲ್ ಸವರಿ ಇಡ್ಬೇಕು, ಮಳೆಗಾಲದಲ್ಲಿ ತುಕ್ಕು ಕಾಯೋದಿಲ್ಲ. ಡಿಕ್ಕೀಲಿ ವೀಲ್ ನಟ್ ಸಾಕೆಟ್ಟು, ಬ್ರೇಕರ್ ಬಾರು, ಗ್ಲೌಸ್ ಜೊತೆ ಒಂದಡಿ ಅಗಲದ ಗಟ್ಟಿ ಹಲಗೆ ತುಂಡೂ ಹಾಕಿರಿ, ಕೆಸರು ರೋಡಲ್ಲಿ ಅದಿಲ್ದೆ ಜ್ಯಾಕ್ ಕೊಟ್ರೆ ಕಾರ್ ಮೇಲೇಳೋ ಬದ್ಲು ಜ್ಯಾಕೇ ನೆಲದೊಳಗೆ ಇಳಿಯತ್ತೆ.